ತಂಗಡಗಿಯ ಕಂಪ್ಯೂಟರಿನ ಕೀಲಿ

ನಿನ್ನೆ ಅಂಗಡಿಯ ಕಸ ಗುಡಿಸಿದೆ, ತೊಗರಿ ಅಡತಿಯವರ ಪ್ರಿಂಟರಿನಲ್ಲಿ ಸಿಕ್ಕಿಕೊಂಡಿದ್ದ ಕಾಗದ ತೆಗೆದೆ, ಇಂಡಿ ಊರಿನ ಗಿರಾಕಿಯೊಬ್ಬರಿಗೆ ಕನ್ನಡ ಟೈಪ್ ಮಾಡುವುದನ್ನು ಫೋನಿನಲ್ಲೇ ಹೇಳಿಕೊಟ್ಟೆ, ರೊಟ್ಟಿ ಬುತ್ತಿ ಕಟ್ಟಿಕೊಂಡು ತಂಗಡಗಿಗೆ ಹೋದೆ, ಮತ್ತು ಇಷ್ಟು ವರ್ಷ ಸುಳ್ಳು ಹೇಳಿದ್ದೆನೆಂದು ನೀಲವ್ವನ ಮುಂದೆ ಒಪ್ಪಿಕೊಂಡೆ.

ಕೊನೆಯದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ದಿನದ ಕೆಲಸವೇ.

ಸಿಂದಗಿಯಲ್ಲಿ ಯಜಮಾನರೂ ನಾನೂ ಕೂಡಿ ನಡೆಸುವ ಚಿಕ್ಕ ಕಂಪ್ಯೂಟರ್ ಅಂಗಡಿಯಿದೆ. ನಾವು ಹಾಕಿಕೊಡುವುದು ಲಿನಕ್ಸ್, ಕಂಪ್ಯೂಟರನ್ನು ನಡೆಸುವ ತಂತ್ರಾಂಶ. ಅದಕ್ಕೆ ಬೆಲೆಯಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ನಮ್ಮ ಹೊಟ್ಟೆ ತುಂಬುವುದು ವರ್ಷದ ಸರ್ವಿಸ್ ಹಣದಿಂದ — ತೊಂದರೆಯಾದರೆ ನಾವಿದ್ದೇವೆ ಎಂಬ ಮಾತಿನಿಂದ. ಆದರೆ ಆ ಲಿನಕ್ಸ್ ಸುಮ್ಮನೆ ಕೆಡುವಂಥದ್ದಲ್ಲ. ಕೆಡದಿದ್ದರೆ ನಮ್ಮನ್ನು ಯಾರು ಕೇಳುತ್ತಾರೆ? ಈ ಭಯ ಒಮ್ಮೆ ಹೊಕ್ಕಿತು ನೋಡಿ...

ಹೊಸದೇನನ್ನು ಸೇರಿಸಬೇಕಾದರೂ ಕಂಪ್ಯೂಟರ್ ಒಂದು ಪಾಸ್‌ವರ್ಡ್ ಕೇಳುತ್ತದೆ. ಮನೆಯ ಕೀಲಿ ಇದ್ದಂತೆ ಅದು. ಮನೆಯವರ ಕೈಯಲ್ಲೇ ಇರಬೇಕಾದದ್ದು. ನಾನು ಅದನ್ನು ಯಾವ ಗಿರಾಕಿಗೂ ಕೊಡಲಿಲ್ಲ. ನನ್ನಲ್ಲೇ ಇಟ್ಟುಕೊಂಡೆ.

ನೀಲವ್ವ ತಂಗಡಗಿಯಲ್ಲಿ ಪಹಣಿ, ಅರ್ಜಿ ತೆಗೆದುಕೊಡುವ ಅಂಗಡಿ ಇಟ್ಟವಳು. ಅಂಗಡಿ ಇರುವ ಖೋಲಿ ಮಾತ್ರ ಅವಳ ಮೈದುನ ಸಂಗಪ್ಪನದು. ಕೆಲವು ವರ್ಷದ ಹಿಂದೆ, ಬೆಳೆವಿಮೆ ಅರ್ಜಿಯ ಕೊನೆಯ ದಿನ, ಹೊಸ ಪ್ರಿಂಟರ್ ಹಚ್ಚಲು ಹೋಗಿ ಫೋನ್ ಮಾಡಿದಳು. “ಅಕ್ಕಾರ, ಪಾಸ್‌ವರ್ಡ್ ಕೇಳಾಕತ್ತೈತ್ರಿ. ಮಂದಿ ಬಾಗಿಲದಾಗ ನಿಂತಾರ.”

ಹೇಳಬಹುದಿತ್ತು. ಒಂದೇ ಪದ. ನಾನು ಹೇಳಿದ್ದು ಬೇರೆ: “ಹಂಗ ಕೇಳಿದ್ರ ಕೆಟ್ಟೈತಿ ಅಂತ ತಿಳೀರಿ. ಪುಕಟ್ ಸಿಸ್ಟಂ ನೋಡ್ರಿ, ಹಂಗ ಮಾಡ್ತೈತಿ. ಕಂಪ್ಯೂಟರ್ ಡಬ್ಬಿ ಬಸ್ಸಿಗೆ ಹಾಕಿ ಕಳಸ್ರಿ.”

ನಮ್ಮ ಕಡೆ ರಿಪೇರಿಯ ಸಾಮಾನು ಹೀಗೇ ಬರುತ್ತದೆ, ಕಂಡಕ್ಟರನ ಕೈಯಲ್ಲಿ. ಹಳೇ ಸೀರೆ ಸುತ್ತಿದ ಡಬ್ಬಿ ಬಂತು. ಪಾಸ್‌ವರ್ಡ್ ಒತ್ತಿ ಅವಳ ಪ್ರಿಂಟರಿಗೆ ಬೇಕಾದದ್ದನ್ನು ಸೇರಿಸಿದೆ, ಮರುದಿನದ ಬಸ್ಸಿಗೆ ಹಾಕಿದೆ. ಅಷ್ಟರಲ್ಲಿ ಜನ ಮುದ್ದೇಬಿಹಾಳಕ್ಕೆ ಹೋಗಿ ಕೆಲಸ ಮುಗಿಸಿಕೊಂಡಿದ್ದರು. ಬಹಳ ಮಂದಿ ಮತ್ತೆ ಅವಳ ಕಡೆ ಹೊರಳಲಿಲ್ಲ. ಆಮೇಲೂ ಆ ಡಬ್ಬಿ ಎಷ್ಟು ಸಲ ಬಂತು, ಹೋಯಿತು — ಪ್ರತಿ ಸಲವೂ ಅದೇ ಸುಳ್ಳು.

ಹೋದ ವಾರ ಮತ್ತೊಂದು ಪ್ರಿಂಟರ್ ತಂದಳು. ಮತ್ತೆ ಅದೇ ಕೇಳಿತು. ನಾನು ಮತ್ತೆ ಬಸ್ಸಿಗೆ ಹಾಕು ಎಂದೆ. ಅವಳು ಸಿಟ್ಟಾಗಲಿಲ್ಲ. “ಸಾಕ್ರಿ ಅಕ್ಕಾರ. ಖೋಲಿ ಗೊಬ್ಬರದ ಅಂಗಡಿಗೆ ಕೊಡ್ತೇನಿ ಅಂತಾನ ಸಂಗಪ್ಪ. ಈ ಡಬ್ಬಿ ನೀವ ಬಂದು ಒಯ್ರಿ,” ಎಂದಳು.

ಅದಕ್ಕೇ ಹೋದೆ, ಡಬ್ಬಿ ತರಲಿಕ್ಕಲ್ಲ. ಸಂಗಪ್ಪ ಕಟ್ಟೆಯ ಮೇಲೆ ಕೂತಿದ್ದ. ಪಹಣಿಗೆ ಬಂದ ಮೂರ್ನಾಲ್ಕು ಜನರೂ ಇದ್ದರು.

“ಬರ್ರಿ ಬಾಯಾರ. ಪುಕಟ್ ಡಬ್ಬಿ ಒಯ್ಯಾಕ ಬಂದ್ರೇನು?” ಎಂದ.

“ಡಬ್ಬಿ ಒಂದು ದಿನಾನೂ ಕೆಟ್ಟಿಲ್ಲ ಸಂಗಪ್ಪ,” ಎಂದೆ, ಎಲ್ಲರಿಗೂ ಕೇಳುವಂತೆ. “ನೀಲವ್ವಂದೂ ತಪ್ಪಿಲ್ಲ. ಪಾಸ್‌ವರ್ಡ್ ನಾನ ಮುಚ್ಚಿಟ್ಟಿದ್ದೆ. ನೀವು ನನ್ನ ಕೇಳಬೇಕು, ಸರ್ವಿಸ್ ಬಿಡಬಾರದು ಅಂತ.”

ನೀಲವ್ವ ನನ್ನನ್ನೇ ನೋಡಿದಳು.

“ಅಂದ್ರ ಅವತ್ತು ಮಂದಿ ಹೊಳ್ಳಿ ಹೋಗಿದ್ದು...”

“ನನ್ನಿಂದ.”

“ಕೂಸಿಗೆ ಸುತ್ತಿದಂಗ ಸೀರಿ ಸುತ್ತಿ ಕಳಿಸೇನ್ರಿ ಅದನ್ನ. ಮನಿಯಾಗಿದ್ದಕ್ಕಿಂತ ಬಸ್ಸಿನಾಗ ಇದ್ದದ್ದ ಹೆಚ್ಚು.” ಖುರ್ಚಿ ಎಳೆದುಕೊಂಡು ಕೂತಳು. “ಹೇಳ್ರಿ ಈಗ.”

ಹೇಳಿದೆ. ಅವಳೇ ಒತ್ತಿದಳು. ನಾನು ಕೈ ಕಟ್ಟಿ ನಿಂತೆ. ಪ್ರಿಂಟರ್ ಗುರ್ ಎಂದಿತು, ಕಾಗದ ಎಳೆಯಿತು, ಮೊದಲ ಪಹಣಿ ಹೊರಬಂತು — ಸಂಗಪ್ಪನದೇ.

“ತಗೋಪಾ, ಪುಕಟ್ ಡಬ್ಬಿದು,” ಎಂದು ಅವನ ಕೈಗಿಟ್ಟಳು. “ದುಡ್ಡು ಮಾತ್ರ ಕೊಡಬೇಕು ನೋಡು.”

ಕಟ್ಟೆಯ ಮೇಲಿನವರು ನಕ್ಕರು. ಸಂಗಪ್ಪ ಪಹಣಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿದ. “ಹಂಗಾದ್ರ ಗೊಬ್ಬರದಾವಗ ಏನ್ ಹೇಳ್ಲಿ?”

“ಬ್ಯಾರೆ ಖೋಲಿ ಹುಡುಕ್ಕೋ ಅಂತ ಹೇಳು.”

ಅವನು ಇಲ್ಲವೆನ್ನಲಿಲ್ಲ. ಜೇಬಿಗೆ ಕೈ ಹಾಕಿದ.

ಆಮೇಲೆ ನೀಲವ್ವ, “ಅಕ್ಕಾರ, ಸ್ವಲ್ಪ ಆ ಕಡೆ ಮಾರಿ ಮಾಡ್ರಿ,” ಎಂದಳು. ಗೋಡೆಯ ಕಡೆ ತಿರುಗಿದೆ. ಹಿಂದೆ ಟಕಟಕ ಸದ್ದು. ಪಾಸ್‌ವರ್ಡ್ ಬದಲಿಸಿದ್ದಳು. ಇನ್ನು ಅದು ನನಗೂ ಗೊತ್ತಿಲ್ಲ. ಗೋಡೆಗೆ ಮುಖ ಮಾಡಿ ನಿಂತು ಅಷ್ಟು ಸಂತೋಷಪಟ್ಟದ್ದು ನನಗೆ ಹಿಂದೆಂದೂ ನೆನಪಿಲ್ಲ — ನಾಚಿಕೆಯೂ ಅಷ್ಟೇ ಇತ್ತು, ಸುಳ್ಳೇಕೆ.

“ವರ್ಷದ ಸರ್ವಿಸ್ ಬ್ಯಾಡ್ರಿ ಇನ್ನ. ನನಗ ತಿಳೀಲಾರದ್ದು ಬಂದ್ರ ಫೋನ್ ಮಾಡ್ತೇನಿ. ಅದಕ್ಕ ಕೊಡ್ತೇನಿ,” ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಅವತ್ತು ಬಾಗಿಲಿಂದ ತಿರುಗಿಹೋದ ಮಂದಿಯನ್ನು ನಾನು ಎಲ್ಲಿಂದ ತಂದುಕೊಡಲಿ?

ಮನೆಗೆ ಬಂದು ಯಜಮಾನರಿಗೆ ಎಲ್ಲ ಹೇಳಿದೆ. ಇಂಡಿ, ಬಾಗೇವಾಡಿ, ಮುದ್ದೇಬಿಹಾಳದ ಗಿರಾಕಿಗಳಿಗೆಲ್ಲ ನಾಳೆಯಿಂದಲೇ ಪಾಸ್‌ವರ್ಡ್ ಕೊಡುತ್ತೇನೆ, ಯಾಕೆ ಮುಚ್ಚಿಟ್ಟಿದ್ದೆ ಎಂಬುದನ್ನೂ ಹೇಳುತ್ತೇನೆ ಎಂದೆ.

“ಎಲ್ಲಾರೂ ಸರ್ವಿಸ್ ಬ್ಯಾಡ ಅಂದ್ರ?”

“ಅನ್ಲಿ. ನಮಗ ಕೆಲಸ ಬರ್ತೈತಿ ಅಂತ ಕರೀಲಿ, ನಮ್ಮ ಕೈಯಾಗ ಕೀಲಿ ಐತಿ ಅಂತ ಬ್ಯಾಡ.”

ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಉಂಡೆವು. ಯಜಮಾನರು ಮುಂದೇನು ಎಂದು ಬಹಳ ಹೊತ್ತು ಹೊರಳಾಡಿದರಂತೆ. ನನಗೆ ತಿಳಿಯದು, ಮೊದಲು ನಿದ್ದೆ ಹೋದವಳು ನಾನೇ.