ಬೆಳ್ಳಿ ತಟ್ಟೆಯ ಊಟ

ನಮ್ಮ ಮನೆಗೆ ಬಂದವರು ಯಾರೂ ಹಸಿದುಕೊಂಡು ಹೋಗಿಲ್ಲ ಎಂದು ನಾನು ಬಹಳ ವರ್ಷ ಜಂಬ ಕೊಚ್ಚಿಕೊಂಡವಳು. ಆ ಜರ್ಮನ್ ಹುಡುಗಿಯೂ ಹಸಿದುಕೊಂಡು ಹೋಗಲಿಲ್ಲ, ನೊಂದುಕೊಂಡು ಹೋದಳು.

ಬೇರೆ ಬೇರೆ ದೇಶಗಳ ಯುವಜನರನ್ನು ಕರೆಸಿ, ಇಲ್ಲಿನ ಶಾಲೆಗಳಲ್ಲಿ ಸ್ವಯಂಸೇವೆಗೆ ಹಚ್ಚಿ, ಇಲ್ಲಿನ ಮನೆಗಳಲ್ಲೇ ಉಳಿಸುವ ಸಂಸ್ಥೆಯೊಂದಿತ್ತು. ಒಬ್ಬರ ಮನೆಯ ಅನ್ನ ಉಂಡವರಿಗೆ ನಾಳೆ ಅವರ ಮೇಲೆ ಕೈ ಎತ್ತುವುದು ಕಷ್ಟವಾಗುತ್ತದೆ, ಶಾಂತಿ ಎಂದರೆ ಅಷ್ಟೇ ಎಂಬುದು ಅವರ ನಂಬಿಕೆ. ನನಗೆ ಅದು ತುಂಬ ಹಿಡಿಸಿತು. ನಾನು ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುವವಳು. ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಮುಂಗೋಣೆ ಖಾಲಿ ಬಿದ್ದಿತ್ತು. ಅತ್ತೆಯನ್ನು ಕೇಳಿದರೆ, "ಬರ್ಲಿ ಬಿಡಮ್ಮ, ಪರದೇಶದ ಮಗು. ನಾವು ನೋಡ್ಕೊಳ್ಳದೆ ಇನ್ಯಾರು ನೋಡ್ಕೋತಾರೆ" ಎಂದರು.

ಹುಡುಗಿ ಎತ್ತರದವಳು, ನಾಚಿಕೆಯವಳು. ಬೆಳಗ್ಗೆ ಅಗ್ರಹಾರದ ಒಂದು ಸರ್ಕಾರಿ ಶಾಲೆಗೆ ಹೋಗಿ ಮಕ್ಕಳಿಗೆ ಚಿತ್ರ ಬರೆಯುವುದನ್ನು ಕಲಿಸಿ, ಮಧ್ಯಾಹ್ನ ಮೈತುಂಬ ಬಣ್ಣ ಮಾಡಿಕೊಂಡು ಬರುತ್ತಿದ್ದಳು. ನಮ್ಮ ಮಾತು ಇಂಗ್ಲಿಷಿನಲ್ಲಿ, ನಡುನಡುವೆ ಅವಳ ಮುರುಕು ಕನ್ನಡ. ಯಾಕಮ್ಮ ಇಷ್ಟು ದೂರ ಬಂದೆ ಎಂದು ನಾನೊಮ್ಮೆ ಕೇಳಿದೆ. ಯುದ್ಧದ ಕಾಲದಲ್ಲಿ ಅವಳ ಮುತ್ತಜ್ಜಿಯ ಪಕ್ಕದ ಮನೆಯ ಯೆಹೂದಿಗಳನ್ನು ಹಿಡಿದುಕೊಂಡು ಹೋದರಂತೆ. ಮುತ್ತಜ್ಜಿ ಪರದೆಯ ಸಂದಿನಿಂದ ನೋಡಿ ಸುಮ್ಮನಿದ್ದಳಂತೆ. "ನನ್ನ ಮುತ್ತಜ್ಜಿ ತುಂಬ ಒಳ್ಳೆಯವರು, ಎಲ್ಲರಿಗೂ ಕೇಕ್ ಮಾಡಿ ಹಂಚುತ್ತಿದ್ದರಂತೆ" ಎಂದಳು. ಇದನ್ನು ಹೇಳುತ್ತ ಅವಳು ತಾನೂ ಸುಲಿಯಲೆಂದು ಅತ್ತೆಯ ಮುಂದಿದ್ದ ಅವರೆಕಾಯಿ ಪುಟ್ಟಿಗೆ ಕೈ ಹಾಕಿದಳು. ಅತ್ತೆ ಪುಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡು, "ನೀನ್ ಸುಮ್ನೆ ಕೂತ್ಕೋಮ್ಮ, ನಿನಗ್ಯಾಕೆ ಇದೆಲ್ಲ" ಎಂದರು.

ನಮ್ಮ ಮನೆಯ ಪದ್ಧತಿಯೇ ಹಾಗೆ. ಅತಿಥಿ ಕೆಲಸ ಮುಟ್ಟಕೂಡದು. ಮೊದಲು ಅವರ ಊಟ ಆಗಬೇಕು, ನಾವು ನಿಂತು ಬಡಿಸಬೇಕು. ತೀರ ಬೇಕಾದ ಅತಿಥಿಗೆ ಬೆಳ್ಳಿ ತಟ್ಟೆ. ಅದು ಅತ್ತೆಯ ತವರಿನಿಂದ ಬಂದದ್ದು. ಈ ಹುಡುಗಿಗೆ ಅತ್ತೆ ಅದನ್ನು ದಿನವೂ ಹಾಕುತ್ತಿದ್ದರು. ನನ್ನ ಗಂಡನಿಗೆ ಹಬ್ಬದ ದಿನವೂ ದಕ್ಕದ ಮರ್ಯಾದೆ ಅದು! ಬೆಳ್ಳಿ ಸವೆದೀತು ಎಂದು ಬೇರೆಯವರ ಕೈಗೆ ಕೊಡದೆ, ಊಟವಾದ ಮೇಲೆ ತಾವೇ ಅದೊಂದನ್ನೇ ಬೇರೆ ತೊಳೆದು, ಒರೆಸಿ, ಬೀರುವಿನಲ್ಲಿ ಇಡುತ್ತಿದ್ದರು. ಅವಳ ಊಟ ಮುಗಿದು ಅವಳು ಕೋಣೆ ಸೇರಿದ ಮೇಲೆ ನಾವು ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ ಹಾಕಿಕೊಂಡು, ನಗುತ್ತ, ಕಚ್ಚಾಡುತ್ತ ಉಣ್ಣುತ್ತಿದ್ದೆವು. ಆ ಸದ್ದು ಅವಳ ಕೋಣೆಗೆ ಕೇಳುತ್ತಿತ್ತು ಎಂಬುದು ನಮಗೆ ಹೊಳೆಯಲೇ ಇಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಹುಡುಗಿ ಮಂಕಾದಳು. ಒಂದು ದಿನ, ಯಾದವಗಿರಿಯಲ್ಲಿ ಉಳಿದ ಸ್ವಯಂಸೇವಕರಿರುವ ಮನೆಗೆ ಹೋಗುತ್ತೇನೆ, ನಿಮಗೆ ತುಂಬ ತೊಂದರೆ ಕೊಟ್ಟೆ ಎಂದು ಹೊರಟೇಬಿಟ್ಟಳು. ಅತ್ತೆಗೆ ಸಂಕಟ. "ಹುಳಿಗೆ ಖಾರ ಜಾಸ್ತಿ ಆಗೋಯ್ತೇನೋ ಕಣೇ" ಎಂದು ವಾರಗಟ್ಟಲೆ ಪೇಚಾಡಿದರು. ನನಗೆ ಕೋಪವೇ ಬಂತು. ಇಷ್ಟೆಲ್ಲ ಮಾಡಿದರೂ ಹೀಗೆ, ಇವರಿಗೆ ಬಾಂಧವ್ಯ ಎಂದರೆ ಗೊತ್ತಿಲ್ಲ ಎಂದುಕೊಂಡೆ.

ಅವಳು ಊರಿಗೆ ವಾಪಸ್ಸಾಗುವ ಮುಂಚೆ ಒಂದು ಊಟಕ್ಕಾದರೂ ಕರೆದುಕೊಂಡು ಬಾ ಎಂದು ಅತ್ತೆ ಹಟ ಹಿಡಿದಾಗ ನಾನೇ ಯಾದವಗಿರಿಗೆ ಹೋದೆ. ಊಟಕ್ಕೆ ಕರೆದಾಗ ಅವಳು, "ಆಂಟಿ, ಎಲ್ಲರ ಜೊತೇನಾ, ನನಗೆ ಬೇರೇನಾ?" ಎಂದಳು.

ನನಗೆ ಅರ್ಥವಾಗಲಿಲ್ಲ. ಬಿಡಿಸಿ ಕೇಳಿದಾಗ ಹೇಳಿದಳು. ಅವಳಿಗೆ ಬೇರೆ ತಟ್ಟೆ, ಬೇರೆ ಹೊತ್ತು. ಆ ತಟ್ಟೆಯನ್ನು ಅಜ್ಜಿ ಉಳಿದ ಪಾತ್ರೆಗಳಿಗೆ ತಾಗಿಸದೆ ತೊಳೆದು, ಬೇರೆಯೇ ಇಡುತ್ತಿದ್ದರು. ಭಾರತಕ್ಕೆ ಬರುವ ಮುಂಚೆ ಕೊಟ್ಟ ತರಬೇತಿಯಲ್ಲಿ ಅವಳು ಅಸ್ಪೃಶ್ಯತೆಯ ಬಗ್ಗೆ ಓದಿದ್ದಳು. ತಾನು ದನದ ಮಾಂಸ ತಿನ್ನುವ ದೇಶದವಳು, ಈ ಮನೆಗೆ ಮೈಲಿಗೆ ಇರಬೇಕು ಎಂದುಕೊಂಡಳು. ನಮ್ಮ ಮೇಲೆ ಅವಳಿಗೆ ಸಿಟ್ಟು ಬಂದಿರಲಿಲ್ಲ. ನಮ್ಮ ಮನೆಯನ್ನು ಕೆಡಿಸಬಾರದು ಎಂದು ತಾನೇ ಹೊರಟುಬಂದಿದ್ದಳು.

ನಾನು ಜೋರಾಗಿ ನಕ್ಕುಬಿಟ್ಟೆ. "ಅಯ್ಯೋ ಹುಚ್ಚಿ, ಅದು ಬೆಳ್ಳಿ ಕಣೇ! ಬೆಳ್ಳಿ!" ದಿನವೂ ಸಾರು, ಹುಳಿ ಬಿದ್ದು ಹೊಳಪು ಕಳೆದುಕೊಂಡಿದ್ದ ಆ ತಟ್ಟೆಯನ್ನು ಅವಳು ಅಲ್ಯೂಮಿನಿಯಂ ಎಂದು ತಿಳಿದಿದ್ದಳು. ಅವಳ ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಕ್ಷಮಿಸಿ ಕ್ಷಮಿಸಿ ಎಂದು ನನ್ನ ಕೈ ಹಿಡಿದುಕೊಂಡಳು. ಎಷ್ಟು ಹಗುರವಾಯಿತು ನನಗೆ!

ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು. "ಹಾಗಾದ್ರೆ ಹಿತ್ತಲ ಕಿಟಕಿ ಸರಳಿಗೆ ಸಿಕ್ಕಿಸಿರೋ ತಟ್ಟೆ? ಕೆಲಸದ ಆಂಟೀದು? ಅದೂ ಬೆಳ್ಳೀನಾ?"

ಕೊಂಕಿಲ್ಲದ ಪ್ರಶ್ನೆ. ಆ ತಟ್ಟೆಯೂ ಮರ್ಯಾದೆಯದ್ದೇ ಇರಬೇಕು ಎಂದು ಅವಳು ಆಸೆಯಿಂದ ಕೇಳಿದ್ದಳು.

ನಮ್ಮಲ್ಲಿ ಪಾತ್ರೆ ತೊಳೆಯಲು ಬರುವವರಿಗೆ ಒಂದು ತಟ್ಟೆ, ಒಂದು ಲೋಟ ಬೇರೆ ಇದ್ದವು. ತಿಂಡಿ ಹಿತ್ತಲ ಮೆಟ್ಟಿಲ ಮೇಲೆ. ಅದು ಜಾತಿಯಲ್ಲ, ಶುಚಿ, ಅನುಕೂಲ ಎಂದು ನಮಗೆ ನಾವೇ ಹೇಳಿಕೊಂಡಿದ್ದೆವು. ನಿಜ ಹೇಳಬೇಕೆಂದರೆ ಹೇಳಿಕೊಂಡೂ ಇರಲಿಲ್ಲ, ಅದು ಕಣ್ಣಿಗೇ ಬಿದ್ದಿರಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುವ ಜಾತಿ ನಮ್ಮದು. ನಾನು ತಡವರಿಸಿ, "ಅದು ಬೇರೆ ವಿಷಯ ಕಣಮ್ಮ. ಅವರಿಗೂ ಅದೇ ಅಭ್ಯಾಸ" ಎಂದೆ. ಅವಳು ತಲೆಯಾಡಿಸಿ ನನ್ನ ಕೈಯನ್ನು ಮೆಲ್ಲಗೆ ಬಿಟ್ಟಳು. ಊಟಕ್ಕೆ ಬರುತ್ತೇನೆ ಎಂದಿದ್ದಳು, ಬರಲಿಲ್ಲ. ಹೊರಡುವ ದಿನ ಆಟೋ ನಿಲ್ಲಿಸಿಕೊಂಡು ಬಂದು ಅತ್ತೆಗೆ ನಮಸ್ಕಾರ ಮಾಡಿ ಹೋದಳು.

ಅವಳು ಹೋದ ಮಾರನೆಯ ಬೆಳಗ್ಗೆ ನಾನು ಹಿತ್ತಲ ತಟ್ಟೆಯನ್ನು ತೆಗೆದು ಹಳೇ ಸಾಮಾನಿಗೆ ಹಾಕಿ, ಪಾತ್ರೆ ತೊಳೆಯಲು ಬಂದವರಿಗೆ ನಮ್ಮ ಸ್ಟೀಲ್ ತಟ್ಟೆಯಲ್ಲೇ ಇಡ್ಲಿ ಹಾಕಿಕೊಟ್ಟೆ.

"ಇದ್ಯಾಕವ್ವ? ನನ್ ತಟ್ಟೆ ಎಲ್ಲೋಯ್ತು?" ಎಂದರು ಅವರು.

"ಇನ್ಮೇಲೆ ಇದರಲ್ಲೇ. ಒಳಗೇ ಬಂದು ಕೂತ್ಕೊಳಿ."

ಅವರು ಅತ್ತೆಯ ಕೋಣೆಯ ಕಡೆ ನೋಡಿದರು. ಅಷ್ಟು ವರ್ಷ ಇಲ್ಲದ್ದು ಈಗೇಕೆ ಎಂಬಂತೆ ನನ್ನನ್ನು ನೋಡಿದರು. ಇಡ್ಲಿಗಳನ್ನು ತಮ್ಮ ಚೀಲದಲ್ಲಿದ್ದ ಡಬ್ಬಿಗೆ ಹಾಕಿಕೊಂಡು, "ಮನೇಲಿ ತಿಂತೀನಿ ಬುಡಿ" ಎಂದು ತಟ್ಟೆ ತೊಳೆದಿಟ್ಟು ಹೋದರು. ಅಂದಿನಿಂದ ದಿನವೂ ಹಾಗೆಯೇ. ಮೊದಲಾದರೆ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ತಿಂಡಿ ತಿನ್ನುತ್ತ ಬೀದಿಯ ಸುದ್ದಿಯೆಲ್ಲ ಹೇಳುತ್ತಿದ್ದರು.

ಆ ತಟ್ಟೆ ತೆಗೆದುಬಿಟ್ಟೆ ಎಂದು ಹುಡುಗಿಗೆ ಮೆಸೇಜ್ ಹಾಕಿದ್ದೆ. ತುಂಬ ಸಂತೋಷ ಆಂಟಿ ಎಂದು ಹೂವಿನ ಚಿತ್ರ ಕಳಿಸಿದಳು. ಉಳಿದದ್ದನ್ನು ನಾನು ಬರೆಯಲಿಲ್ಲ. ಈಗ ನಮ್ಮ ಮನೆಯಲ್ಲಿ ಯಾರಿಗೂ ಬೇರೆ ತಟ್ಟೆ ಇಲ್ಲ. ಪಾತ್ರೆ ತೊಳೆಯುವವರು ನಮ್ಮ ಮನೆಯಲ್ಲಿ ಕೂತು ತಿನ್ನುವುದೂ ಇಲ್ಲ.