ಬಿಸಿ ತಾಗಿಸಬೇಡಿ

ನಮ್ಮ ಭಾವ ಒಳ್ಳೆಯವರು. ಆ ಒಳ್ಳೆಯತನವೇ ಅಕ್ಕನ ಜೀವಕ್ಕೆ ಮುಳುವಾಗುತ್ತಿತ್ತು ಎಂದರೆ ಅವರ ಮುಖ ನೋಡಲಾಗುವುದಿಲ್ಲ. ಹಾಗೆಂದು ಹೇಳದೆ ಬಾಯಿ ಮುಚ್ಚಿಕೊಂಡಿರಲು ನನಗೆ ಬರುವುದಿಲ್ಲ.

ಅಕ್ಕ ಭಾವನದು ಇಸ್ತ್ರಿ ಅಂಗಡಿ. ಮುಂದಿನ ಕೋಣೆಯಲ್ಲಿ ಎರಡು ಮೇಜು, ಹಿಂದಿನ ಕೋಣೆಯಲ್ಲಿ ಸಂಸಾರ. ಮನೆಮನೆಗೆ ಹೋಗಿ ಬಟ್ಟೆಗಂಟು ತರುವುದು, ಕೊಡುವುದು ನನ್ನ ಪಾಲಿನ ಕೆಲಸ. ಅಕ್ಕ ಪ್ಯಾಂಟಿಗೆ ತೆಗೆಯುವ ಗೆರೆ ಎಷ್ಟು ನೇರವೆಂದರೆ ಬೀದಿಯವರೆಲ್ಲ ಅವಳನ್ನು ಗೆರೆಯಕ್ಕ ಎಂದೇ ಕರೆಯುತ್ತಿದ್ದರು. ಒಮ್ಮೆ ಯಾರೋ ಅಂಗಿ ವಾಪಸ್ಸು ತಂದು, "ಕಾಲರಲ್ಲಿ ಸುಕ್ಕಿದೆ" ಎಂದರು. ಅಕ್ಕ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿ, "ಇದರಲ್ಲಿಲ್ಲ ಸ್ವಾಮಿ, ನಿಮ್ಮ ಕತ್ತಲ್ಲಿರಬೇಕು, ಕನ್ನಡಿ ನೋಡ್ಕೊಳ್ಳಿ" ಎಂದು ಕಳಿಸಿದ್ದಳು.

ಅಂಥವಳಿಗೆ ಕೀಲುವಾತ ಅಂಟಿಕೊಂಡಿತು. ಮೊದಲು ಬೆರಳಿನ ಗೆಣ್ಣು, ಆಮೇಲೆ ಮಣಿಕಟ್ಟು, ಕೊನೆಗೆ ಬಲಹೆಗಲು. ಇಸ್ತ್ರಿಪೆಟ್ಟಿಗೆ ಎತ್ತಿದಾಗೆಲ್ಲ ಅವಳು ನರಳುವುದು ಹೊರಗಿನ ಬೆಂಚಿನಲ್ಲಿ ಕೂತವರಿಗೂ ಕೇಳುತ್ತಿತ್ತು. ಭಾವನಿಗೆ ಗೊತ್ತಿದ್ದದ್ದು ಒಂದೇ ಮದ್ದು, ಶಾಖ. ಟವೆಲನ್ನು ನಾಲ್ಕು ಮಡಿಕೆ ಮಾಡಿ, ನೀರು ಚಿಮುಕಿಸಿ, ಇಸ್ತ್ರಿಪೆಟ್ಟಿಗೆ ಒತ್ತಿ, ಮೊದಲು ತಮ್ಮ ಕೆನ್ನೆಗೆ ತಾಗಿಸಿ ನೋಡಿ, ಆಮೇಲೆ ಅವಳ ಹೆಗಲ ಮೇಲೆ ಇಡುತ್ತಿದ್ದರು. ಹೆಂಡತಿಯ ಹತ್ತಿರ ಎರಡು ಒಳ್ಳೆಯ ಮಾತಾಡಿದವರಲ್ಲ ಈ ಮನುಷ್ಯ. ಇದ್ದ ಪ್ರೀತಿಯೆಲ್ಲ ಆ ಟವೆಲಿನಲ್ಲೇ ಇತ್ತು.

ನುಂಗಿದ ನೋವಿನ ಮಾತ್ರೆಗಳು ಹೊಟ್ಟೆಯನ್ನು ತಿಂದವು. ಒಂದು ದಿನ ರಕ್ತ ಕಾರಿಕೊಂಡಳು, ಕಿಡ್ನಿಯೂ ಸೊರಗಿದೆ ಎಂದರು. ಆಗ ಡಾಕ್ಟರು ಮೈಗೆ ಅಂಟಿಸುವ ಪಟ್ಟಿ ಬರೆದುಕೊಟ್ಟರು.

"ಇದು ಅಫೀಮಿನ ಜಾತಿಯ ಮದ್ದು. ಬೇರೆ ದಾರಿ ಇಲ್ಲ ಅಂತ ಕೊಡ್ತಿದ್ದೀನಿ, ಹುಷಾರು" ಎಂದರು.

ಭಾವನ ಮುಖ ಬಿಳಿಚಿಕೊಂಡಿತು. ಔಷಧಿ ಅಂಗಡಿಯವನು ಹಿಂದೆ ನಿಂತಿದ್ದವರ ಕಡೆ ನೋಡುತ್ತಲೇ ನಮಗೆ ಹೇಳಿದ: "ಮೂರು ದಿನಕ್ಕೊಂದು ಅಂಟಿಸಿ. ಬಿಸಿ ತಾಗಿಸಬೇಡಿ."

ಪಟ್ಟಿ ಕೆಲಸ ಮಾಡಿತು. ಅಕ್ಕ ಮಲಗಿದಳು, ನಕ್ಕಳು, ಮತ್ತೆ ಗೆರೆ ತೆಗೆದಳು. ಶಾಖದ ಗೊಡವೆಯೇ ಬೇಕಾಗಲಿಲ್ಲ. ನಮ್ಮ ಭಯವೆಲ್ಲ ಒಂದೇ: ಇದು ಚಟವಾಗಿಬಿಟ್ಟರೆ? ಅವಳು ಹೊತ್ತಿಗೆ ಮೊದಲೇ ಪಟ್ಟಿ ಕೇಳುತ್ತಾಳೇನೋ ಎಂದು ಭಾವ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ಅವಳು ಆಕಳಿಸಿದರೂ ಅವರ ಎದೆ ಧಸಕ್ಕೆನ್ನುತ್ತಿತ್ತು. "ನನ್ನನ್ನೇನು ಕಳ್ಳಿ ಥರ ನೋಡ್ತೀರಿ?" ಎಂದು ಅಕ್ಕ ಒಂದೆರಡು ಸಲ ರೇಗಿದ್ದೂ ಉಂಟು. ನಾವು ಮುಂಬಾಗಿಲಲ್ಲಿ ಕಾವಲು ಕೂತಿದ್ದೆವು, ಹಿತ್ತಿಲ ಬಾಗಿಲ ನೆನಪು ಯಾರಿಗೂ ಇರಲಿಲ್ಲ.

ಇನ್ನು ಬಿಸಿ ತಾಗಿಸಬಾರದು ಎಂದದ್ದು. ನಮ್ಮಂಗಡಿಯೇ ಒಂದು ಒಲೆ, ಎಲ್ಲಿಡುವುದು ಆ ಪಟ್ಟಿಗಳನ್ನು? ಭಾವ ಪಟ್ಟಿಯ ಡಬ್ಬಿಯನ್ನು ಕಪಾಟಿನಿಂದ ನೀರಿನ ಡ್ರಮ್ಮಿನ ಹಿಂದಕ್ಕೆ, ಅಲ್ಲಿಂದ ಎದುರು ಟೈಲರನ ಮನೆಯ ಫ್ರಿಜ್ಜಿಗೆ ಸಾಗಿಸಿದರು. ಬಿಸಿ ತಾಗಿಸಬೇಡಿ ಎನ್ನುವ ಮಾತು ನಮಗೇನು ಹೊಸದೇ? ನೈಲಾನ್ ಸೀರೆ ಕೊಡುವವರೆಲ್ಲ ಹೇಳುವುದು ಅದನ್ನೇ. ಹೇಳಿದ್ದು ಯಾವ ವಸ್ತುವಿಗೋ ಆ ವಸ್ತುವನ್ನು ಜೋಪಾನ ಮಾಡಿದರಾಯಿತು. ಅರ್ಥ ಗೊತ್ತಿದೆ ಅಂದುಕೊಂಡ ಮಾತನ್ನು ಯಾರು ತಿರುಗಿ ಕೇಳುತ್ತಾರೆ?

ಆಮೇಲೆ ಥಂಡಿ ಗಾಳಿ ಶುರುವಾಯಿತು, ಹೆಗಲು ಮತ್ತೆ ಹಿಡಿಯಿತು. ಡಾಕ್ಟರು ಇನ್ನೂ ಜೋರಿನ ಪಟ್ಟಿ ಕೊಟ್ಟರು. ಅದನ್ನು ಅಂಟಿಸಿದ ಮಾರನೆಯ ದಿನ ಮಧ್ಯಾಹ್ನ ನಾನು ಗಂಟು ಹೊತ್ತು ಬಂದರೆ, ಅಕ್ಕ ಕುರ್ಚಿಗೆ ಒರಗಿ ಮಲಗಿದ್ದಳು. ಹೆಗಲ ಮೇಲೆ ಟವೆಲ್ ಹಬೆಯಾಡುತ್ತಿತ್ತು. ಭಾವ ತುಟಿಯ ಮೇಲೆ ಬೆರಳಿಟ್ಟು ಸದ್ದು ಮಾಡಬೇಡ ಎಂದರು. ಗಿರಾಕಿ ಬಂದು ಕೂಗಬಾರದೆಂದು ಬಾಗಿಲನ್ನೂ ಅರ್ಧ ಎಳೆದಿದ್ದರು.

ನಾನು ಗಂಟು ಇಳಿಸಿ ಅವಳ ಪಕ್ಕ ಕೂತೆ. ಒಂದು ಉಸಿರು ಬಂತು. ಇನ್ನೊಂದಕ್ಕೆ ಕಾದೆ, ಬರಲಿಲ್ಲ. ಬಹಳ ಹೊತ್ತಾದ ಮೇಲೆ ಗೊರ್ರೆಂದು ಬಂತು. ತುಟಿ ನೀಲಿಗೆ ತಿರುಗಿತ್ತು.

"ಭಾವ, ಇದು ನಿದ್ದೆ ಅಲ್ಲ."

"ಎಬ್ಬಿಸಬೇಡ ಕಣಮ್ಮ. ಎಷ್ಟು ದಿನ ಆಗಿತ್ತು ಹೀಗೆ ಮಲಗಿ" ಎಂದರು ಅವರು. ಕೈಯಲ್ಲಿ ಇನ್ನೊಂದು ಬಿಸಿ ಟವೆಲ್ ಸಿದ್ಧವಾಗಿತ್ತು.

ನಾನು ಅಕ್ಕನ ಕೆನ್ನೆಗೆ ಹೊಡೆದೆ, ಭುಜ ಹಿಡಿದು ಅಲುಗಿಸಿದೆ. ಕಣ್ಣು ಅರ್ಧ ತೆರೆದು ಮುಚ್ಚಿಕೊಂಡಿತು. ನನ್ನ ಕೂಗು ಕೇಳಿ ಟೈಲರ್ ಓಡಿಬಂದು ಆಟೋ ನಿಲ್ಲಿಸಿದ. ದಾರಿಯುದ್ದಕ್ಕೂ ನಾನು ಅವಳ ಕಿವಿಯಲ್ಲಿ "ಅಕ್ಕಾ, ಉಸಿರು ತಗೋ" ಎನ್ನುತ್ತಿದ್ದೆ. ಹೇಳಿದರೆ ತೆಗೆದುಕೊಳ್ಳುತ್ತಿದ್ದಳು, ಹೇಳದಿದ್ದರೆ ಇಲ್ಲ. ಎಲ್ಲಿ ನನ್ನ ಬಾಯಿ ಒಣಗಿ ಮಾತು ನಿಂತುಹೋಗುತ್ತದೋ ಎಂದು ಹೆದರುತ್ತಿದ್ದೆ.

ಆಸ್ಪತ್ರೆಯಲ್ಲಿ ಅವಳಿಗೆ ಆಮ್ಲಜನಕ ಹಾಕಿದರು. ನರ್ಸಮ್ಮ ಹೆಗಲಿನ ಪಟ್ಟಿ ಕಿತ್ತು, "ಇದಕ್ಕೆ ಬಿಸಿ ತಾಗಿಸಿದ್ರಾ?" ಎಂದು ಕೇಳಿದರು.

"ಅಯ್ಯೋ, ಎಲ್ಲಾದ್ರೂ ಉಂಟಾ? ಎದುರು ಮನೆ ಫ್ರಿಜ್ಜಲ್ಲಿ ಇಟ್ಟಿದ್ದೀವಿ ತಾಯಿ" ಎಂದರು ಭಾವ.

"ಮತ್ತೆ ಚರ್ಮ ಯಾಕೆ ಇಷ್ಟು ಕೆಂಪಗಿದೆ?"

"ಅದು ಶಾಖದ್ದು. ನಾನೇ ಕೊಟ್ಟೆ. ಆರೋಕೆ ಬಿಡದೆ ಟವೆಲ್ ಬದಲಾಯಿಸ್ತಾನೇ ಇದ್ದೆ."

ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಯೇ ಇತ್ತು. ನರ್ಸಮ್ಮ ಒಂದು ಕ್ಷಣ ಅವರನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. "ಮೈಮೇಲಿರೋ ಪಟ್ಟಿಗೆ ಬಿಸಿ ತಾಗಿದ್ರೆ ಮೂರು ದಿನದ ಮದ್ದು ಬೇಗ ಬೇಗ ರಕ್ತಕ್ಕೆ ಇಳಿದುಬಿಡುತ್ತೆ. ಅದು ಉಸಿರನ್ನೇ ಮಲಗಿಸುತ್ತೆ" ಎಂದರು ಮೆತ್ತಗೆ.

ಭಾವ ಗೋಡೆ ಹಿಡಿದುಕೊಂಡರು. ನನಗೆ ಅವರ ಮೇಲೆ ಕೆಂಡದಂಥ ಕೋಪ ಬಂತು, ಮರುಗಳಿಗೆಗೆ ಅಯ್ಯೋ ಅನಿಸಿತು. ಎರಡನ್ನೂ ಒಟ್ಟಿಗೆ ಎಲ್ಲಿ ಇಟ್ಟುಕೊಳ್ಳುವುದೋ ತಿಳಿಯಲಿಲ್ಲ.

ಮದ್ದಿಗೆ ಎದುರುಮದ್ದು ಎಂದು ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಅಕ್ಕನ ಎದೆ ಏರಿತು, ಇಳಿಯಿತು, ಮತ್ತೆ ಏರಿತು. ಆ ಸೂಜಿ ಪಟ್ಟಿಯ ಕೆಲಸವನ್ನೆಲ್ಲ ಅಳಿಸಿಬಿಡುತ್ತದಂತೆ. ತಡೆದಿಟ್ಟಿದ್ದ ನೋವೆಲ್ಲ ಒಟ್ಟಿಗೇ ನುಗ್ಗಿ ಅವಳು ನರಳತೊಡಗಿದಳು. ಯಾವ ಸದ್ದನ್ನು ನಿಲ್ಲಿಸಲು ಭಾವ ಇಷ್ಟು ವರ್ಷ ಒದ್ದಾಡಿದರೋ ಅದೇ ಸದ್ದು ಕೇಳಿ ಕೈಮುಗಿದು ಅಳುತ್ತಿದ್ದರು. ನಾನೂ ಅತ್ತೆ.

"ಈ ಸೂಜಿಯ ಶಕ್ತಿ ಬೇಗ ಇಳಿಯುತ್ತೆ, ಚರ್ಮದೊಳಗೆ ಪಟ್ಟಿಯ ಮದ್ದು ಇನ್ನೂ ಇದೆ. ಉಸಿರಿನ ಮೇಲೆ ಗಮನ ಇರಲಿ" ಎಂದು ನರ್ಸಮ್ಮ ಎಚ್ಚರಿಸಿ ಹೋದರು.

ಅಕ್ಕನಿಗೆ ಇದಾವುದೂ ತಿಳಿದಿರಲಿಲ್ಲ. ತಲೆ ಹೊರಳಿಸಿ ಗಂಡನನ್ನು ಹುಡುಕಿದಳು.

"ರೀ, ಹೆಗಲು ಕಿತ್ತು ಬರ್ತಿದೆ. ಸುಮ್ನೆ ನಿಂತಿದ್ದೀರಲ್ಲ, ಒಂಚೂರು ಶಾಖ ಕೊಡ್ರಿ."

ಭಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಅವರಿಗೆ ಕೇಳಿಸಲಿಲ್ಲವೇನೋ ಎಂದುಕೊಂಡು ಅಕ್ಕ ಇನ್ನೊಮ್ಮೆ ಕೇಳಿದಳು.