ದೀಪದ ಗೂಡಿನ ಚೀಟಿ

"ಒದರಬ್ಯಾಡ್ರಿ, ಕಿವ್ಯಾಗ ಹೇಳಿದಂಗ ಹೇಳ್ರಿ" ಎಂದು ಅವರು ಬಸ್ ಕಂಡಕ್ಟರನಿಗೂ ಹೇಳುತ್ತಿದ್ದರು. ರೇಡಿಯೋ ನಾಟಕಗಳಲ್ಲಿ ವರ್ಷಗಟ್ಟಲೆ ಒಬ್ಬನೇ ನಟನಿಗೆ ಹೆಂಡತಿಯ ಪಾತ್ರ ಮಾಡಿದ್ದವರು.

ಆ ನಟ ತೀರಿಕೊಂಡ ಮೇಲೆ, ಆತನ ನೆನಪಿಗೆಂದು ಅವರು ಸುರಪುರದ ಸ್ಮಶಾನದಲ್ಲಿ, ನಾನು ಪಾಠ ಹೇಳುವ ಕಾಲೇಜಿನ ಹುಡುಗಿಯರಿಗೆ ನಿಧಿ ಹುಡುಕುವ ಆಟ ಇಟ್ಟರು. ಆತನ ನಾಟಕದ ಮಾತುಗಳನ್ನು ಚೀಟಿಗಳಲ್ಲಿ ಬರೆದು ಸಮಾಧಿಗಳ ನಡುವೆ ಅಡಗಿಸಿದ್ದರು. ಕೊನೆಯ ಚೀಟಿ ಆತನದೇ ಸಮಾಧಿಯ ದೀಪದ ಗೂಡಿನಲ್ಲಿತ್ತು.

"ಸಿಕ್ತ್ರೀ ಮೇಡಂ!" ಎಂದು ಒಬ್ಬಳು ಕೈ ಹಾಕಿದಳು. ಗೂಡಿನಿಂದ ನಾಗರಹಾವು ಹೊರಬಂದು ಅವಳ ತೋಳಿನ ಮೇಲೆ ಹತ್ತಿತು. ಚೀರಹೊರಟ ನನ್ನ ಬಾಯನ್ನು ಅವರು ಅಂಗೈಯಿಂದ ಮುಚ್ಚಿ, ಹುಡುಗಿಗೆ ಮೆಲ್ಲಗೆ ಹೇಳಿದರು:

"ಅಲಗಬ್ಯಾಡವ್ವಾ. ನಾ ಇಲ್ಲೇ ಅದೀನಿ. ಉಸಿರು ಸಣ್ಣಗ ಬಿಡು. ಅದು ಹೊಂಟೈತಿ, ಹೋಗ್ಲಿ."

ಹಾವು ಇಳಿದು ಕಲ್ಲುಗಳ ನಡುವೆ ಹೋಯಿತು. ನಾನು ಕಣ್ಣು ಮುಚ್ಚಿದರೆ ಅದು ಇವತ್ತಿಗೂ ಆ ತೋಳಿನ ಮೇಲೇ ಇರುತ್ತದೆ.

ಹುಡುಗಿಯರೆಲ್ಲ ಅವಳನ್ನು ತಬ್ಬಿಕೊಂಡು ಅಳುತ್ತಿದ್ದರು.

"ನಿಮ್ಮಿಂದ ಹುಡುಗಿ ಉಳದ್ಳ್ರೀ ಅವ್ವಾರ" ಎಂದು ನೀರಿನ ಬಾಟಲಿ ಕೊಟ್ಟೆ. ಅವರು ಅದನ್ನು ತೆಗೆದುಕೊಳ್ಳದೆ ಗೂಡಿನ ಕಡೆಗೇ ನೋಡಿದರು.

"ಅಂವ ಕತ್ತಲದಾಗ ಇರಬಾರ್ದಂತ ಆ ಗೂಡು ಕಟ್ಟಿಸಿದಾಕಿ ನಾನ, ಚೀಟಿ ಇಟ್ಟಾಕೀನೂ ನಾನ" ಎಂದರು. "ಸಾಕಾತ್ರೀ ಮೇಡಂ, ನನ್ನ ಮನಿಗೆ ಬಿಡ್ರಿ."